ಕೋಲಿನ ಆಚೆ ತುದಿ

ರಾತ್ರಿ ಎರಡೂಕಾಲು. ಲಾರಿ ಚಾಲಕರು
ಕೊನೆಯ ನೂಡಲ್ ಬಟ್ಟಲು ಬರಿದು ಮಾಡಿ ಮಲಗಿದ್ದಾರೆ.
ನಾನು ಪಾತ್ರೆ ತೊಳೆದು, ಏಪ್ರನ್ ಗೂಟಕ್ಕೆ ಹಾಕಿ
ಹಡಗಿನ ಹೊಟ್ಟೆಗೆ ಇಳಿಯುತ್ತೇನೆ.

ಸರಪಳಿ ಬಿಗಿದ ಎರಡು ಲಾರಿಗಳ ನಡುವೆ
ನಾಲ್ಕು ಹೆಜ್ಜೆ ಉದ್ದ, ಮೂರು ಹೆಜ್ಜೆ ಅಗಲ.
ಇದೇ ನನ್ನ ಗರಡಿ.
ಒಂದರಲ್ಲಿ ಈರುಳ್ಳಿ. ಇನ್ನೊಂದರಲ್ಲಿ ಎರಡು ಕುದುರೆ,
ತೊಮಾಕೊಮಾಯ್‌ನಲ್ಲಿ ಹತ್ತಿದವು,
ಕತ್ತಲಲ್ಲಿ ಆಗಾಗ ಕಾಲು ಬದಲಿಸುತ್ತವೆ.

ಓಕ್ ಮರದ ಕೋಲು. ಮೂವತ್ತೊಂದು ಎಣಿಕೆ.
ತಿವಿ, ತಡೆ, ತಿರುಗು, ತಿವಿ.

ಮೊದಲ ಚಳಿಗಾಲ ನನಗೆ ಖುಷಿಯೋ ಖುಷಿ.
ಗಾಳಿಗೆ ಹೊಡೆದೆ, ಗಾಳಿ ಸೋತಿತು.
ಇಲ್ಲದವನ ಮಣಿಕಟ್ಟು ಹಿಡಿದು ತಿರುವಿದೆ,
ಹೇಳಿದ ಕಡೆಗೇ ಬಿದ್ದ,
ಪ್ರತಿ ಸಲ, ಸದ್ದಿಲ್ಲದೆ, ಎಂಥ ಸಭ್ಯಸ್ಥ!
ನಾನೇ ಬಡಿಸಿಕೊಂಡು
ನಾನೇ ರುಚಿ ರುಚಿ ಎಂದ ಹಾಗೆ.

ಫೆಬ್ರವರಿಯ ಒಂದು ರಾತ್ರಿ
ತ್ಸುಗಾರು ಕಡೆಯಿಂದ ಅಡ್ಡ ಅಲೆ.
ಹನ್ನೊಂದನೆಯ ಎಣಿಕೆಗೆ ನೆಲ ಎಡಕ್ಕೆ ಜಾರಿತು.
ಕೋಲೊಂದು ಕಡೆ, ನಾನೊಂದು ಕಡೆ,
ಭುಜದ ಮೇಲೆ ಉರುಳಿ ಎದ್ದು ಕೂತೆ
ಈರುಳ್ಳಿ ಲಾರಿಯ ಗಾಲಿಗೆ ಒರಗಿ.
ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನೋಣವೆಂದರೆ
ಮೀಸೆಯೂ ಇಲ್ಲ, ಮಣ್ಣೂ ಇಲ್ಲ.
ನೋಡಿದ್ದು ಆ ಎರಡು ಕುದುರೆ.
ಅವು ಬಿದ್ದಿರಲಿಲ್ಲ.

ಅವತ್ತಿನಿಂದ ಕೋಲು ಬದಿಗಿಟ್ಟು
ಹಲಗೆಯ ಸಂದಿಯಿಂದ ಅವುಗಳ ಕಾಲು ನೋಡಿದೆ.
ಯಾವ ಕುದುರೆಯಾದರೂ ಸರಿ, ಪ್ರತಿ ವಾರ ಬೇರೆಬೇರೆ,
ಅಲೆ ಬರುವ ಮೊದಲೇ
ಮಂಡಿಯಲ್ಲಿ ಅದಕ್ಕೊಂದು ಜಾಗ ತೆರವು ಮಾಡುತ್ತವೆ,
ಬಸ್ಸಿನಲ್ಲಿ ಮುದುಕಿಗೆ ಸರಿದು ಕೊಡುವಂತೆ.
ಹಾಗೆ ನಿಲ್ಲುವುದಕ್ಕೆ ನನಗೆ ಹತ್ತು ತಿಂಗಳು.

ಹಾಚಿನೋಹೆಯಲ್ಲಿ ಹದಿನೈದು ದಿನಕ್ಕೊಂದು ರಜೆ.
ಹಳೆಯ ಐಸ್ ಕಾರ್ಖಾನೆಯ ಮಹಡಿ ಮೇಲೆ ಸವಾಗುಚಿ ಸೆನ್ಸೇಯ ದೋಜೊ.
ಮೀನಿನ ವಾಸನೆ ಚಾಪೆಗೂ ಹತ್ತಿದೆ.
ವೆಲ್ಡಿಂಗ್ ಮಾಡುವ ಗೆಂಪೇ ನನ್ನ ಕೈ ಹಿಡಿದ.
ಕೈ ಅಂದರೆ ಕೈ. ಬಿಸಿ, ಒರಟು, ಹೆಬ್ಬೆರಳಲ್ಲಿ ಸುಟ್ಟ ಕಲೆ.
ಮುನ್ನೂರು ರಾತ್ರಿ ನಾನು ಕೆಡವಿದ್ದವನಿಗೆ
ಇದ್ಯಾವುದೂ ಇರಲಿಲ್ಲ.
ತಿರುಗಿದೆ. ಗೆಂಪೇ ನಿಂತಲ್ಲೇ ನಿಂತಿದ್ದ,
ಹಗ್ಗ ಸುತ್ತುವ ಬಂದರಿನ ಕಂಬದಂತೆ.
ಕ್ಷಮಿಸಿ, ಎಂದ.

ಸೆನ್ಸೇಗೆ ಎಂಬತ್ತೊಂದು. ಬಾಯಲ್ಲಿ ನಾಲ್ಕೇ ಹಲ್ಲು.
"ಚಿಗುಸಾ, ನೀನು ಅಲೆಗೆ ಕಾಯ್ತಾ ಇದ್ದೀಯ.
ಇವನು ಗೆಂಪೇ."

ಎಲ್ಲರೂ ನಕ್ಕರು, ನಾನೂ ನಕ್ಕೆ.
ವಾಪಸು ಬಸ್ಸಿನಲ್ಲಿ ಮಾತ್ರ
ಕಿಟಕಿ ಕಡೆ ಮುಖ ಮಾಡಿ ಕೂತೆ.
ದಡದಲ್ಲಿ ಕೂತು ಈಜು ಕಲಿತವರನ್ನು ಆಡಿಕೊಂಡಿದ್ದೆ,
ನೀರ ಮೇಲೆ ನಡಿಗೆ ಕಲಿತವಳನ್ನು ಏನೆನ್ನಬೇಕು?

ಒಂದು ಮಾತು ಬಿಟ್ಟೆ.
ಗೆಂಪೇಯ ಸರದಿ ಬಂದಾಗ ಅವನು ನನ್ನನ್ನು ಎಸೆದ,
ನಾನು ಬಿದ್ದೆ, ಎದ್ದೆ.
ಅವನು ಕೈ ಕೆಳಗಿಳಿಸಿ ಒಂದು ಗಳಿಗೆ ಸುಮ್ಮನಿದ್ದ.
"ಮತ್ತೊಮ್ಮೆ ಬೀಳ್ತೀರಾ? ನೋಡಬೇಕು."
ಕುದುರೆಗಳ ವಿಷಯ ಹೇಳಲಿಲ್ಲ.

ಈಗ ಮತ್ತೆ ಎರಡೂಕಾಲು. ಅದೇ ಸಂದಿ, ಅದೇ ಕೋಲು.
ಇಲ್ಲದವನು ಬಂದು ಎದುರು ನಿಲ್ಲುತ್ತಾನೆ,
ಈ ಸಲ ಹೆಬ್ಬೆರಳಲ್ಲಿ ಸುಟ್ಟ ಕಲೆ.
ಕೋಲಿನ ಆಚೆ ತುದಿ ಹಿಡಿಯಲು ಕೊಡುತ್ತೇನೆ.
ತಿರುಗುತ್ತೇನೆ. ಬೀಳುವುದಿಲ್ಲ ಪುಣ್ಯಾತ್ಮ.
ಕ್ಷಮಿಸಿ ಎನ್ನುತ್ತಾನೆ.
ಹತ್ತು. ಹನ್ನೊಂದು. ಮತ್ತೆ ಮೊದಲಿಂದ.

ನಾಲ್ಕಾಯಿತು. ಮೇಲೆ ಅರವತ್ತು ಜನಕ್ಕೆ ಅಕ್ಕಿ ತೊಳೆಯಬೇಕು.
ಈರುಳ್ಳಿ ಲಾರಿಯ ಸರಪಳಿ ಒಮ್ಮೆ ಕಿರುಗುಟ್ಟಿತು.
ಕತ್ತಲಲ್ಲಿ ಯಾರೋ ಕಾಲು ಬದಲಿಸಿದರು,
ನಾನೂ.